ಕೈಯಲ್ಲಿ ಕಾಸಿದ್ದರೂ ಬಸ್ಸಿಗೆ ಬಡವರು

ಹುಲ್ಲಹಳ್ಳಿಯ ನಾಲೆಯಲ್ಲಿ ಈಜು ಕಲಿತ ಕಥೆಯನ್ನು ಈ ಬಾರಿ ಮುಗಿಸುವುದಾಗಿ ಕಳೆದ ಬರಹದಲ್ಲಿ ಮಾತು ಕೊಟ್ಟಿದ್ದೆ. ಆ ಮಾತನ್ನು ಇಂದು ಮುರಿಯುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳೂ ಬಂಧುಗಳೂ ಕ್ಷಮಿಸಬೇಕು. ನಾಲೆ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ತಿಂಗಳೂ ಅಲ್ಲೇ ಇರುತ್ತದೆ. ಆದರೆ ಮನಸ್ಸಿನಲ್ಲಿ ಎದ್ದಿರುವ ಸಿಟ್ಟು ಆರಿಹೋದರೆ ಈ ಬರಹವನ್ನು ಬರೆಯಲಾಗುವುದಿಲ್ಲ. ವಯಸ್ಸಾದವರ ಸಿಟ್ಟು ಹಾಗೆಯೇ. ಬೇಗ ಬರುತ್ತದೆ, ಮಧ್ಯಾಹ್ನದ ನಿದ್ದೆಯಲ್ಲಿ ಕರಗಿಯೂ ಹೋಗುತ್ತದೆ.

ಹೋದ ಚಳಿಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯ ವರ್ಷದ ಕಾರ್ಯಕ್ಕೆಂದು ಊರಿಗೆ ಬಂದಿದ್ದಳು. ಹೆಸರು ಬರೆಯುವುದಿಲ್ಲ, ಅವಳ ಸಹಪಾಠಿಗಳಿಗೆ ಹೇಗೂ ಗೊತ್ತಾಗುತ್ತದೆ. ಮದುವೆಯಾಗಿ ಹೊರದೇಶಕ್ಕೆ ಹೋದವಳು ಈಗ ಆ ದೇಶದ ಪ್ರಜೆ. ಜೊತೆಯಲ್ಲಿ ಹದಿನಾರು ವರ್ಷದ ಮಗಳು. ನನ್ನ ಮನೆಗೆ ಬರುವ ಎರಡು ದಿನ ಮುಂಚೆ, ತಾನು ಕಾಲೇಜು ಓದಿದ ನಗರವನ್ನು ಮಗಳಿಗೆ ತೋರಿಸಬೇಕೆಂದು ಹೊರಟಿದ್ದಳಂತೆ. ಅಣ್ಣ ಕಾರು ಕಳಿಸುತ್ತೇನೆಂದರೂ ಬೇಡವೆಂದಳಂತೆ. "ನಾನು ದಿನಾ ಬಸ್ಸಲ್ಲಿ ನಿಂತುಕೊಂಡು ಹೋಗುತ್ತಿದ್ದೆ. ಅದನ್ನೂ ಅವಳು ನೋಡಲಿ ಅನ್ನಿಸಿತು ಮೇಷ್ಟ್ರೇ" ಎಂದಳು.

ಆ ನಗರ ಯಾವುದು, ಬಸ್ಸು ಯಾರದು ಎಂಬುದನ್ನೂ ಬರೆಯುವುದಿಲ್ಲ. ನಮ್ಮ ರಾಜ್ಯದ್ದೇ ಎಂದರೆ ಸಾಕು. ಒಬ್ಬ ಕಂಡಕ್ಟರನ ಮೇಲೆ ದೂರು ಹೇಳಿ ಅವನ ಅನ್ನಕ್ಕೆ ಕಲ್ಲು ಹಾಕುವುದು ನನ್ನ ಉದ್ದೇಶವಲ್ಲ.

ನಡೆದದ್ದು ಇಷ್ಟೇ. ತಾಯಿ ಮಗಳು ಬಸ್ಸು ಹತ್ತಿದರು. ಎರಡು ಟಿಕೆಟ್ಟಿಗೆ ಐವತ್ತು ರೂಪಾಯಿಯೂ ಆಗದು. ಅವಳ ಕೈಯಲ್ಲಿದ್ದದ್ದು ಹಣ ಬದಲಾಯಿಸುವಾಗ ಸಿಕ್ಕಿದ 500ರ ಹೊಸ ನೋಟುಗಳು. ಕಂಡಕ್ಟರ್ ನೋಟು ನೋಡಿ, "ಚಿಲ್ಲರೆ ಕೊಡಿ ಮೇಡಂ, ಇಲ್ಲಾಂದ್ರೆ ಸ್ಕ್ಯಾನ್ ಮಾಡಿ" ಎಂದ. ಸ್ಕ್ಯಾನ್ ಮಾಡಲು ಇವಳ ಫೋನಿನಲ್ಲಿ ಇಲ್ಲಿಯ ಬ್ಯಾಂಕಿಲ್ಲ. ಆ ದೇಶದ ಬ್ಯಾಂಕಿನ ಕಾರ್ಡು ತೋರಿಸಿದಳು. ಅದು ನಡೆಯುವುದಿಲ್ಲವೆಂದ. ಸುತ್ತ ಕುಳಿತ ಹೆಂಗಸರೆಲ್ಲ ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ಟು ಪಡೆದವರು, ಇವರಿಬ್ಬರನ್ನು ನೋಡತೊಡಗಿದರು. ಕೊನೆಗೆ ಕಂಡಕ್ಟರ್, "ಮುಂದಿನ ಸ್ಟಾಪಲ್ಲಿ ಇಳ್ಕೊಂಡು ಚಿಲ್ಲರೆ ಮಾಡಿಸ್ಕೊಳಿ, ಹಿಂದೆ ಇನ್ನೊಂದು ಬಸ್ ಬರ್ತದೆ" ಎಂದ. ಅಷ್ಟರಲ್ಲಿ ಕಾಲೇಜು ಹುಡುಗನೊಬ್ಬ ತನ್ನ ಫೋನಿನಿಂದ ಇಬ್ಬರ ದುಡ್ಡನ್ನೂ ಕಟ್ಟಿದ. ಇವಳು 500ರ ನೋಟು ನೀಡಿದರೆ ಅವನಲ್ಲೂ ಚಿಲ್ಲರೆಯಿಲ್ಲ. "ಪರವಾಗಿಲ್ಲ ಆಂಟಿ" ಎಂದು ಹೇಳಿ ಇಳಿದುಹೋದನಂತೆ.

ಬಸ್ಸಿನಿಂದ ಇಳಿದ ಮೇಲೆ ಮಗಳು ಕೇಳಿದಳಂತೆ: "ಅಮ್ಮಾ, ನಮ್ಮ ಹತ್ತಿರ ದುಡ್ಡಿತ್ತಲ್ಲ?"

ಇದನ್ನು ಹೇಳುವಾಗ ಅವಳು ನಗುತ್ತಲೇ ಇದ್ದಳು. ನನಗೆ ನಗು ಬರಲಿಲ್ಲ. ಆ ಕಾಲೇಜು ಹುಡುಗ ಎಲ್ಲೇ ಇದ್ದರೂ ಚೆನ್ನಾಗಿರಲಿ. ಆದರೆ ಈ ಕಥೆಯನ್ನು ಕೇಳಿದ ನನ್ನ ಬಂಧುಗಳೆಲ್ಲ "ನೋಡಿ, ನಮ್ಮ ಜನ ಎಷ್ಟು ಒಳ್ಳೆಯವರು" ಎಂದು ಹೆಮ್ಮೆಪಟ್ಟರಲ್ಲ, ಅದೇ ನನ್ನ ಸಿಟ್ಟಿಗೆ ಕಾರಣ. ದುಡ್ಡು ಕೊಡಲು ಬಂದವಳನ್ನು ದಾನ ಪಡೆಯುವವಳನ್ನಾಗಿ ಮಾಡಿ ಕಳಿಸಿದ್ದೇವೆ. ಇದರಲ್ಲಿ ಹೆಮ್ಮೆಪಡುವಂಥದ್ದೇನಿದೆ? ವ್ಯವಸ್ಥೆ ಬಿಟ್ಟ ತೂತನ್ನು ಒಬ್ಬ ಹುಡುಗನ ಸೌಜನ್ಯ ಮುಚ್ಚಿತು. ಪ್ರತಿ ಬಸ್ಸಿನಲ್ಲೂ ಅಂಥ ಹುಡುಗನಿರುತ್ತಾನೆಂದು ಯಾವ ಸರ್ಕಾರವೂ ಲೆಕ್ಕ ಹಾಕಿಕೊಳ್ಳಬಾರದು.

ಮೊದಲು ಕಂಡಕ್ಟರನ ಪರವಾಗಿ ಎರಡು ಮಾತು. ಬೆಳಗಿನ ಮೊದಲ ಸುತ್ತಿನಲ್ಲಿ ಹತ್ತು ಜನ 500ರ ನೋಟು ನೀಡಿದರೆ ಅವನು ಚಿಲ್ಲರೆಯನ್ನು ಎಲ್ಲಿಂದ ತರಬೇಕು? ವೇಬಿಲ್ಲಿನ ಲೆಕ್ಕಕ್ಕೂ ಚೀಲದ ಹಣಕ್ಕೂ ತಾಳೆಯಾಗದಿದ್ದರೆ ತನಿಖೆಯವರಿಗೆ ಉತ್ತರ ಹೇಳಬೇಕಾದವನು ಅವನೇ. ನೂರು ಜನ ತುಂಬಿದ ಬಸ್ಸಿನಲ್ಲಿ ನುಸುಳಿಕೊಂಡು ಟಿಕೆಟ್ಟು ಕೊಡುವವನಿಗೆ ಹೊರದೇಶದ ಕಾರ್ಡಿನ ವಿಚಾರ ತಿಳಿದಿರಬೇಕೆಂದು ನಾವು ಬಯಸಬಾರದು. ತಪ್ಪು ಅವನ ಕೈಯಲ್ಲಿಲ್ಲ. ಅವನ ಕೈಗೆ ಏನನ್ನು ಕೊಟ್ಟು ಕಳಿಸಿದ್ದೇವೆ ಎಂಬುದರಲ್ಲಿದೆ.

ನನ್ನ ಬಾಲ್ಯದ ಕಂಡಕ್ಟರ್ ಬೇರೆಯೇ ಆಗಿದ್ದ. ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಬಣ್ಣಬಣ್ಣದ ಟಿಕೆಟ್ಟುಗಳ ಕಟ್ಟು, ಕಿವಿಯ ಮೇಲೊಂದು ಪೆನ್ಸಿಲು. ಚಿಲ್ಲರೆ ಇಲ್ಲದಿದ್ದರೆ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದು ಕೊಡುತ್ತಿದ್ದ. ನಂಜನಗೂಡು ಬರುವ ಹೊತ್ತಿಗೆ ಚೀಲ ತುಂಬಿರುತ್ತಿತ್ತು, ಕೇಳಿ ಪಡೆಯುತ್ತಿದ್ದೆವು. ಅಥವಾ ಒಂದು ನೋಟನ್ನು ಇಬ್ಬರ ಕೈಗೆ ಕೊಟ್ಟು "ನೀವಿಬ್ಬರೂ ಇಳಿದು ಹಂಚಿಕೊಳ್ಳಿ" ಎನ್ನುತ್ತಿದ್ದ. ಗೊತ್ತಿಲ್ಲದವರಿಬ್ಬರು ಎಳನೀರು ಕುಡಿದು ಲೆಕ್ಕ ತೀರಿಸಿಕೊಂಡದ್ದೂ ಉಂಟು. ಅದಕ್ಕೂ ಹಿಂದೆ, ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವನು ಕಾಸಿಲ್ಲದವರಿಂದ ಸುಗ್ಗಿಯಲ್ಲಿ ಭತ್ತ ಪಡೆಯುತ್ತಿದ್ದನೆಂದು ನನ್ನ ತಾತ ಹೇಳುತ್ತಿದ್ದರು. ಹೊಳೆಯ ದಡದಲ್ಲಿ ನಿಂತವನನ್ನು ಆಚೆ ದಡಕ್ಕೆ ಮುಟ್ಟಿಸುವುದು ಅವನ ಕಸುಬು. ಅವನು ಕೊಡುವುದನ್ನು ತೆಗೆದುಕೊಳ್ಳುವ ದಾರಿ ಹುಡುಕುವುದೂ ಅವನ ಕಸುಬಿಗೇ ಸೇರಿತ್ತು.

ಸಾರ್ವಜನಿಕ ಸಾರಿಗೆ ನಮ್ಮಲ್ಲಿ ಸಣ್ಣ ಪರಂಪರೆಯಲ್ಲ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. 1997ರಲ್ಲಿ ಬೆಂಗಳೂರು ನಗರಕ್ಕೆ ಪ್ರತ್ಯೇಕ ಸಂಸ್ಥೆ ಬಂತು. ಈ ಬಸ್ಸುಗಳ ಒಂದು ದೊಡ್ಡ ಗುಣವನ್ನು ನಾವು ಗಮನಿಸುವುದೇ ಇಲ್ಲ. ಪಕ್ಕದ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದ ದೇವಾಲಯಕ್ಕೆ ಹೋಗಿ ನೋಡಿ. ಬಾಗಿಲಲ್ಲಿ ಭಾರತೀಯರಿಗೊಂದು ದರ, ವಿದೇಶೀಯರಿಗೆ ಅದರ ಹಲವು ಪಟ್ಟು ಇನ್ನೊಂದು ದರ. ಬಸ್ಸಿನಲ್ಲಿ ಹಾಗಿಲ್ಲ. ಲಂಡನ್ನಿನವನಿಗೂ ಹುಲ್ಲಹಳ್ಳಿಯವನಿಗೂ ಅದೇ ಸೀಟು, ಅದೇ ಟಿಕೆಟ್ಟು, ಅದೇ ದರ.

ಶಕ್ತಿ ಯೋಜನೆ ಬಂದ ಮೇಲೆ ಈ ಮಾತು ಪೂರ್ತಿ ನಿಜವಲ್ಲ ಎಂದು ನೀವು ಹೇಳಬಹುದು. 2023ರ ಜೂನ್ 11ರಿಂದ ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹೊರಗಿನಿಂದ ಬಂದ ಮಹಿಳೆ ದುಡ್ಡು ಕೊಡಬೇಕು. ಅದರ ಬಗ್ಗೆ ನನಗೆ ತಕರಾರಿಲ್ಲ. ಇಲ್ಲಿ ತೆರಿಗೆ ಕಟ್ಟುವವರ ಹಣದಿಂದ ಇಲ್ಲಿಯ ಹೆಣ್ಣುಮಕ್ಕಳಿಗೆ ಸಿಕ್ಕಿದ ಸೌಲಭ್ಯವದು. ನನ್ನ ವಿದ್ಯಾರ್ಥಿನಿಯೂ ಉಚಿತ ಟಿಕೆಟ್ಟು ಕೇಳಲಿಲ್ಲ. ಅವಳು ಕೇಳಿದ್ದು ದುಡ್ಡು ಕೊಡುವ ದಾರಿಯನ್ನು. ದರ ಎಲ್ಲರಿಗೂ ಒಂದೇ ಎಂದು ಹಲಗೆ ಬರೆದು ನೇತುಹಾಕಿದರೆ ಸಾಲದು. ಆ ದರವನ್ನು ಕೊಡುವ ದಾರಿಯೂ ಎಲ್ಲರಿಗೂ ತೆರೆದಿರಬೇಕು. ನನ್ನ ವಾದವೆಲ್ಲ ಈ ಒಂದು ಮಾತಿನಲ್ಲಿದೆ.

ಯುಪಿಐ 2016ರಲ್ಲಿ ಬಂತು. ನಾನದರ ಶತ್ರುವಲ್ಲ. ಸೊಪ್ಪು ಮಾರುವವಳಿಂದ ಹಿಡಿದು ನಂಜನಗೂಡಿನ ರಸಬಾಳೆ ಅಂಗಡಿಯವನವರೆಗೆ ಎಲ್ಲರಿಗೂ ಅದರಿಂದ ಉಪಕಾರವಾಗಿದೆ. ಬಸ್ಸಿನಲ್ಲೂ ಚಿಲ್ಲರೆಯ ಜಗಳ ಕಡಿಮೆಯಾಗಿದೆ. ಆದರೆ ಯುಪಿಐ ಎಂದರೆ ಮೂಲತಃ ಭಾರತದ ಬ್ಯಾಂಕ್ ಖಾತೆಗೆ ಕಟ್ಟಿದ ದಾರ. ಖಾತೆಯಿಲ್ಲದವನಿಗೆ ಆ ದಾರವಿಲ್ಲ. ಅನಿವಾಸಿ ಭಾರತೀಯರು ತಮ್ಮ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ಹೊರದೇಶದ ಮೊಬೈಲ್ ಸಂಖ್ಯೆಯನ್ನೇ ಜೋಡಿಸಿ ಯುಪಿಐ ಬಳಸಲು 2023ರ ಜನವರಿಯಲ್ಲಿ ಅನುಮತಿ ಸಿಕ್ಕಿತು. ಮೊದಲು ಸಿಂಗಪುರ, ಅಮೆರಿಕ, ಬ್ರಿಟನ್, ಒಮಾನ್, ಕತಾರ್ ಮೊದಲಾದ ಹತ್ತು ದೇಶಗಳವರಿಗೆ. ಒಳ್ಳೆಯದೇ. ಆದರೆ ಇಲ್ಲಿ ಖಾತೆಯನ್ನೇ ಇಟ್ಟುಕೊಳ್ಳದ ಮಗಳು, ಅವಳ ಗಂಡ, ಅವರ ಮಕ್ಕಳು, ಮಕ್ಕಳ ಸ್ನೇಹಿತರು ಏನು ಮಾಡಬೇಕು?

"ಅದಕ್ಕೂ ಉಪಾಯವಿದೆ ದೊಡ್ಡಪ್ಪ" ಎಂದ ನನ್ನ ತಮ್ಮನ ಮಗ. ನಿಜ, ಇದೆ. 2023ರ ಫೆಬ್ರವರಿಯಲ್ಲಿ ಜಿ-20 ದೇಶಗಳಿಂದ ಬರುವವರಿಗಾಗಿ ಬೆಂಗಳೂರು, ಮುಂಬೈ, ದೆಹಲಿಯ ವಿಮಾನ ನಿಲ್ದಾಣಗಳಲ್ಲಿ ಇಂಥ ಸೌಲಭ್ಯವನ್ನು ಆರಂಭಿಸಿದರು. ಯುಪಿಐ ಒನ್ ವರ್ಲ್ಡ್ ಎಂಬ ಹೆಸರಿನ ಆ ಸೌಲಭ್ಯವನ್ನು ಆಮೇಲೆ ಬೇರೆ ದೇಶಗಳವರಿಗೂ ವಿಸ್ತರಿಸಿದರು. ಪಾಸ್‌ಪೋರ್ಟ್, ವೀಸಾ ತೋರಿಸಿ, ಗುರುತು ಖಚಿತಪಡಿಸಿಕೊಂಡು, ಫೋನಿನ ಪರ್ಸಿಗೆ ಮುಂಗಡ ಹಣ ತುಂಬಿಸಿಕೊಳ್ಳಬೇಕು. ಹೋಟೆಲು, ಅಂಗಡಿಗಳ ದೊಡ್ಡ ಖರ್ಚಿಗೆ ಇದು ಸರಿ. ಆದರೆ ನಗರದ ಬಸ್ಸಿನಲ್ಲಿ ಹದಿನೈದು ಇಪ್ಪತ್ತು ರೂಪಾಯಿ ಕೊಡುವುದಕ್ಕೆ ಪಾಸ್‌ಪೋರ್ಟ್ ಬೇಕೆ? ರಾತ್ರಿ ಎರಡು ಗಂಟೆಗೆ ವಿಮಾನದಿಂದಿಳಿದು, ಪೆಟ್ಟಿಗೆ ಎಳೆದುಕೊಂಡು, ನಿದ್ದೆಗಣ್ಣಿನಲ್ಲಿ ಊರಿನ ಕಡೆ ಓಡುವವರಲ್ಲಿ ಎಷ್ಟು ಜನಕ್ಕೆ ಇದರ ಹೆಸರಾದರೂ ಗೊತ್ತು?

ಈಗ ನನ್ನದೇ ಕಥೆ ಹೇಳುತ್ತೇನೆ, ಇಲ್ಲದಿದ್ದರೆ ಮೇಷ್ಟ್ರು ಊರಲ್ಲಿ ಕುಳಿತು ಲೋಕಕ್ಕೆ ಪಾಠ ಹೇಳುತ್ತಾರೆಂದು ನಗುತ್ತೀರಿ. ಕೆಲವು ವರ್ಷಗಳ ಹಿಂದೆ ತಮ್ಮನ ಮಗ ಲಂಡನ್ನಿನಲ್ಲಿದ್ದಾಗ ಮೂರು ವಾರ ಅವನ ಮನೆಯಲ್ಲಿದ್ದೆ. ಆಗ ಹೊರದೇಶದ ಅತಿಥಿ ನಾನಾಗಿದ್ದೆ. ಒಬ್ಬನೇ ಬಸ್ಸು ಹತ್ತಿ ಡ್ರೈವರಿಗೆ ನೋಟು ನೀಡಿದೆ. ಆತ ತಲೆಯಾಡಿಸಿದ. 2014ರ ಜುಲೈ 6ರಿಂದ ಅಲ್ಲಿಯ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದೇ ಇಲ್ಲವೆಂಬುದು ನನಗೆ ತಿಳಿದಿರಲಿಲ್ಲ. ನನ್ನ ಬ್ಯಾಂಕ್ ಕಾರ್ಡು ಮುಟ್ಟಿಸಿದೆ, ಅದೂ ನಡೆಯಲಿಲ್ಲ. 2020ರಿಂದ ನಮ್ಮ ಕಾರ್ಡುಗಳಲ್ಲಿ ಹೊರದೇಶದ ಬಳಕೆಯನ್ನು ನಾವೇ ಕೇಳಿ ತೆರೆಸಿಕೊಳ್ಳಬೇಕು. ನಾನು ತೆರೆಸಿರಲಿಲ್ಲ. ತಪ್ಪು ನನ್ನದೇ. ಇಳಿದು, ಬೆಪ್ಪನಂತೆ ಚಳಿಯಲ್ಲಿ ನಿಂತೆ. ಜೇಬಿನಲ್ಲಿ ದುಡ್ಡಿದ್ದೂ ಬಡವನಾಗುವುದೆಂದರೇನೆಂದು ನನಗೆ ಆ ದಿನವೇ ಗೊತ್ತಾಗಿತ್ತು. ಅದಕ್ಕೇ ಆ ಹುಡುಗಿಯ ಕಥೆ ನನಗೆ ಅಷ್ಟು ನಾಟಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಂಜೆ ತಮ್ಮನ ಮಗ ಬೀದಿಯ ಮೂಲೆಯ ಸಣ್ಣ ಅಂಗಡಿಗೆ ಕರೆದುಕೊಂಡು ಹೋದ. ಹಾಲು, ಪತ್ರಿಕೆ, ಸಿಗರೇಟು ಮಾರುವ ಅಂಗಡಿ. ಅಲ್ಲಿ ಅದೇ ನೋಟು ಕೊಟ್ಟು ಆಯ್ಸ್ಟರ್ ಕಾರ್ಡು ಕೊಂಡೆವು. ಅಂಗಡಿಯವನು ನನ್ನ ಹೆಸರು ಕೇಳಲಿಲ್ಲ, ಫೋನ್ ನಂಬರು ಕೇಳಲಿಲ್ಲ, ಪಾಸ್‌ಪೋರ್ಟು ಕೇಳಲಿಲ್ಲ. ಮಾರನೆಯ ದಿನದಿಂದ ಅದೇ ಕಾರ್ಡು ಬಸ್ಸಿಗೂ ಸುರಂಗ ರೈಲಿಗೂ ನಡೆಯಿತು. ಕಾರ್ಡಿನಲ್ಲಿ ಬಾಕಿ ಸಾಲದಿದ್ದರೂ ಇನ್ನೊಂದು ಬಸ್ ಪ್ರಯಾಣಕ್ಕೆ ಬಿಡುವ ನಿಯಮವನ್ನೂ ಇಟ್ಟಿದ್ದಾರೆ. ಕಾರ್ಡೂ ಬೇಡವೆಂದರೆ ಯಾವುದೇ ದೇಶದ ವೀಸಾ, ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡನ್ನು ಮುಟ್ಟಿಸಿದರೆ ಸಾಕು. ಬಸ್ಸುಗಳಲ್ಲಿ 2012ರ ಡಿಸೆಂಬರಿನಿಂದ, ಸುರಂಗ ರೈಲಿನಲ್ಲಿ 2014ರ ಸೆಪ್ಟೆಂಬರಿನಿಂದ ಇದು ನಡೆಯುತ್ತಿದೆ. ಅವರು ನಗದಿನ ಬಾಗಿಲು ಮುಚ್ಚುವ ಮೊದಲು ಬೇರೆ ಎರಡು ಬಾಗಿಲು ತೆರೆದಿಟ್ಟರು. ನಾವು ನಗದಿನ ಬಾಗಿಲನ್ನು ಮುಚ್ಚಿಲ್ಲವೆಂದು ಕಾಗದದ ಮೇಲೆ ಹೇಳುತ್ತ, "ಚಿಲ್ಲರೆ ಇಲ್ಲ" ಎಂಬ ಅಗುಳಿ ಹಾಕಿದ್ದೇವೆ.

ನಮ್ಮಲ್ಲಿ ಎಲ್ಲವೂ ಕೆಟ್ಟಿದೆಯೆಂದೂ ಹೇಳಲಾರೆ. ಬೆಂಗಳೂರಿನ ನಮ್ಮ ಮೆಟ್ರೋ 2011ರ ಅಕ್ಟೋಬರ್ 20ರಂದು ಆರಂಭವಾದಾಗಿನಿಂದ ಕಿಟಕಿಯಲ್ಲಿ ನಗದು ಕೊಟ್ಟು ಟೋಕನ್ ಪಡೆಯುವ ಪದ್ಧತಿಯನ್ನು ತಂದಿತು. ನೀವು ಯಾವ ದೇಶದವರೆಂದು ಟೋಕನ್ ಕೇಳುವುದಿಲ್ಲ. 2022ರಲ್ಲಿ ಒಂದು ದಿನದ, ಮೂರು ದಿನದ ಪಾಸುಗಳನ್ನೂ ತಂದರು. ಊರು ನೋಡಲು ಬಂದವರಿಗೆ ಇದು ಸರಿಯಾದ ದಾರಿ. ರೈಲಿನಲ್ಲಿ ಆಗುವುದು ಬಸ್ಸಿನಲ್ಲಿ ಏಕೆ ಆಗಬಾರದು?

ಕಾನೂನು ಅಡ್ಡಿಯೆಂದು ಯಾರೂ ಹೇಳುವಂತಿಲ್ಲ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಕಲಮಿನ ಪ್ರಕಾರ ಬ್ಯಾಂಕ್ ನೋಟು ಭಾರತದ ಯಾವ ಸ್ಥಳದಲ್ಲೂ ಸಲ್ಲುವ ಹಣ. ಚಿಲ್ಲರೆ ಕೊಡಲೇಬೇಕೆಂದು ಆ ಕಲಮು ಹೇಳುವುದಿಲ್ಲ, ಒಪ್ಪಿದೆ. ಆದರೆ ಇನ್ನೂ ಒಂದು ಸಂಗತಿಯಿದೆ. 2024ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು, ಸಾರ್ವಜನಿಕ ಸಾರಿಗೆಗೆಂದೇ ಬಳಸುವ ಮುಂಗಡ ಹಣದ ಕಾರ್ಡುಗಳನ್ನು ಕೊಳ್ಳುವವರ ಗುರುತು ಪರಿಶೀಲಿಸದೆಯೇ ಕೊಡಬಹುದೆಂದು ಬ್ಯಾಂಕುಗಳಿಗೂ ಇತರ ಅಧಿಕೃತ ಸಂಸ್ಥೆಗಳಿಗೂ ಅನುಮತಿ ನೀಡಿತು. ಕಾರ್ಡಿನಲ್ಲಿ ಒಮ್ಮೆಗೆ 3,000 ರೂಪಾಯಿ ಮೀರಬಾರದು, ಅದರಿಂದ ನಗದು ಹಿಂತೆಗೆಯಬಾರದು, ಅಷ್ಟೇ. ಅಂದರೆ ಲಂಡನ್ನಿನ ಮೂಲೆಯಂಗಡಿಯಲ್ಲಿ ನನಗೆ ಸಿಕ್ಕಿದಂಥ ಕಾರ್ಡನ್ನು ಮೈಸೂರಿನ ಅರಮನೆಯ ಮುಂದಿನ ಪೆಟ್ಟಿಗೆ ಅಂಗಡಿಯಲ್ಲಿ ಮಾರಲು ನಿಯಮ ಅವಕಾಶ ಕೊಟ್ಟಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಈ ವಿಷಯ ಎತ್ತಿದಾಗಲೆಲ್ಲ ನನಗೆ ಎದುರಾಗುವ ಆಕ್ಷೇಪಗಳು ಮೂರು.

ಮೊದಲನೆಯದು: "ಬಸ್ಸು ಹತ್ತುವ ವಿದೇಶೀಯರು ಎಷ್ಟು ಜನ? ಅವರಿಗಾಗಿ ಇಷ್ಟೆಲ್ಲ ಮಾಡಬೇಕೆ?" ಮೈಸೂರಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬರುವವರನ್ನು ನೋಡಿ. ಮಾನಸಗಂಗೋತ್ರಿಯಲ್ಲಿ ಓದುವ ಹೊರದೇಶದ ವಿದ್ಯಾರ್ಥಿಗಳನ್ನು ನೋಡಿ. ಅವರ ಜೊತೆಗೆ ನಮ್ಮ ಮನೆಗಳಿಂದಲೇ ಹೋಗಿ ಪರದೇಶದವರಾದ ಮಕ್ಕಳನ್ನೂ ಸೇರಿಸಿ. ಆದರೆ ನನ್ನ ನಿಜವಾದ ಉತ್ತರ ಬೇರೆ. ಅತಿಥಿಗೆ ಆದ ತೊಂದರೆ ಅತಿಥಿಗೆ ಮಾತ್ರ ಆದದ್ದಲ್ಲ. ಫೋನಿಲ್ಲದ ಶಾಲಾ ಬಾಲಕ, ಬ್ಯಾಟರಿ ಮುಗಿದ ಕೂಲಿಯವನು, ಕಣ್ಣು ಮಂಜಾಗಿ ಪರದೆ ಕಾಣದ ನನ್ನಂಥ ಮುದುಕ, ಎಲ್ಲರೂ ಅದೇ ಬಾಗಿಲಲ್ಲಿ ನಿಲ್ಲುತ್ತಾರೆ. ನಾವು ಸುಮ್ಮನೆ ಇಳಿದುಹೋಗುತ್ತೇವೆ, ಅವಳು ಬಂದು ಹೇಳಿದಳು.

ಎರಡನೆಯದು: "ಟ್ಯಾಕ್ಸಿಯಲ್ಲಿ ಹೋಗಲಿ, ಡಾಲರ್ ಸಂಪಾದಿಸುವವರಲ್ಲವೇ?" ಈ ಮಾತಿನಲ್ಲಿ ಹೊಟ್ಟೆಯುರಿ ಇದೆಯೇ ಹೊರತು ವಿಚಾರವಿಲ್ಲ. ಬಸ್ಸಿನಲ್ಲಿ ಹೋಗುವೆನೆಂದು ಬಂದವರನ್ನು ಕಾರಿಗೆ ಅಟ್ಟಿ, ಆಮೇಲೆ ರಸ್ತೆಯಲ್ಲಿ ವಾಹನ ಹೆಚ್ಚಾಯಿತೆಂದು ಅಳುವುದು ಯಾವ ಬುದ್ಧಿವಂತಿಕೆ? ಹೊರಗಿನಿಂದ ಬಂದವರೆಲ್ಲ ಸಿರಿವಂತರೆಂಬುದೂ ಸುಳ್ಳು.

ಮೂರನೆಯದು ಗಂಭೀರವಾದದ್ದು: "ನಗದು ಹೆಚ್ಚಿದರೆ ಸೋರಿಕೆಯೂ ಹೆಚ್ಚುತ್ತದೆ." ಇದನ್ನು ತಳ್ಳಿಹಾಕುವುದಿಲ್ಲ. ಲೆಕ್ಕ ಶುದ್ಧವಾಗಿರಬೇಕು. ಆದರೆ ಗುರುತು ಕೇಳದ ಕಾರ್ಡಿನಲ್ಲಿ ಸೋರಿಕೆಯಿಲ್ಲ, ಬ್ಯಾಂಕ್ ಕಾರ್ಡಿನಲ್ಲೂ ಇಲ್ಲ. ಉಳಿದ ನಗದನ್ನು ಕಾಯುವುದು ಸಂಸ್ಥೆಯ ಕೆಲಸ. ಕಳ್ಳನಿಗೆ ಹೆದರಿ ಮನೆಗೆ ಬಾಗಿಲೇ ಇಡದಿರುವುದುಂಟೆ?

ಹಾಗಾದರೆ ನಾನು ಕೇಳುವುದೇನು? ಕಂಡಕ್ಟರ್ ಡಿಪೋದಿಂದ ಹೊರಡುವಾಗ ಸಂಸ್ಥೆಯೇ ಅವನ ಚೀಲಕ್ಕೆ ಸಾಕಷ್ಟು ಚಿಲ್ಲರೆ ಹಾಕಿ ಕಳಿಸಲಿ. ಹೆಸರು, ಫೋನು ಕೇಳದ ಕಾರ್ಡು ವಿಮಾನ ನಿಲ್ದಾಣ, ರೈಲು ನಿಲ್ದಾಣ, ಬಸ್ ನಿಲ್ದಾಣ, ಪೆಟ್ಟಿಗೆ ಅಂಗಡಿಗಳಲ್ಲಿ ನಗದಿಗೆ ಸಿಗಲಿ. ಒಂದೇ ಕಾರ್ಡು ಮೈಸೂರಿನ ಬಸ್ಸಿಗೂ ಬೆಂಗಳೂರಿನ ಬಸ್ಸಿಗೂ ಮೆಟ್ರೋಗೂ ನಡೆಯಲಿ. ಟಿಕೆಟ್ ಯಂತ್ರ ಯಾವ ದೇಶದ ಬ್ಯಾಂಕ್ ಕಾರ್ಡನ್ನಾದರೂ ತೆಗೆದುಕೊಳ್ಳುವಂತಿರಲಿ. ಇವೆಲ್ಲ ಆಗುವವರೆಗೆ, ಕೈಯಲ್ಲಿ ಹಣ ಹಿಡಿದು ನಿಂತವರನ್ನು ಚಿಲ್ಲರೆಯ ಕಾರಣಕ್ಕೆ ಬಸ್ಸಿನಿಂದ ಇಳಿಸಬಾರದೆಂದು ಒಂದು ಸಾಲಿನ ಆದೇಶ ಹೊರಡಲಿ. ಟಿಕೆಟ್ಟಿನ ಹಿಂದೆ ಬಾಕಿ ಬರೆಯುವ ಆ ಹಳೆಯ ಪೆನ್ಸಿಲಿಗೆ ಹೆಚ್ಚಿನ ಖರ್ಚಿಲ್ಲ.

ಕೇಳಿದರೆ ಆಗುತ್ತದೆಯೇ ಎಂದು ನಿರಾಶರಾಗಬೇಡಿ. 2024ರ ಜನವರಿ 9ರಂದು ಸಿಂಗಪುರದಲ್ಲಿ ಹಳೆಯ ಬಗೆಯ ಪ್ರಯಾಣ ಕಾರ್ಡುಗಳನ್ನು ಜೂನ್ 1ರಿಂದ ನಿಲ್ಲಿಸುವುದಾಗಿ ಪ್ರಕಟಿಸಿದರು. ಹೊಸ ಪದ್ಧತಿಯಲ್ಲಿ ಎಷ್ಟು ಹಣ ಕಡಿತವಾಯಿತು, ಎಷ್ಟು ಉಳಿಯಿತು ಎಂಬುದು ಬಾಗಿಲಿನ ಯಂತ್ರದಲ್ಲಿ ಕಾಣುವುದಿಲ್ಲವೆಂದು ಜನ ಗಟ್ಟಿಯಾಗಿ ಗೊಣಗಿದರು. ಅದೇ ತಿಂಗಳ 22ರಂದು ಸರ್ಕಾರ ತೀರ್ಮಾನವನ್ನು ಹಿಂತೆಗೆದುಕೊಂಡು, ಹಳೆಯ ಕಾರ್ಡುಗಳನ್ನು ಉಳಿಸಲು 4 ಕೋಟಿ ಸಿಂಗಪುರ ಡಾಲರ್ ಖರ್ಚು ಮಾಡುವುದಾಗಿ ಹೇಳಿತು. ಎರಡು ವಾರದಲ್ಲಿ! ಜನ ಬಾಯಿ ಬಿಟ್ಟು ಕೇಳಿದ್ದರಿಂದ ಅದು ಸಾಧ್ಯವಾಯಿತು.

ನನ್ನ ವಿದ್ಯಾರ್ಥಿಗಳಲ್ಲಿ ಬಸ್ಸು ಓಡಿಸುವವರಿದ್ದೀರಿ, ಡಿಪೋದಲ್ಲಿ ಲೆಕ್ಕ ಬರೆಯುವವರಿದ್ದೀರಿ, ಬ್ಯಾಂಕಿನಲ್ಲಿರುವವರಿದ್ದೀರಿ, ಇಂಥ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವವರೂ ಇದ್ದೀರಿ. ನಿಮ್ಮ ನಿಮ್ಮ ಮೇಜಿಗೆ ಈ ವಿಷಯ ಬಂದಾಗ ಒಂದು ಕ್ಷಣ ಆ ಹದಿನಾರರ ಹುಡುಗಿಯನ್ನು ನೆನೆಯಿರಿ. ಹೊರದೇಶದಲ್ಲಿರುವ ಬಂಧುಗಳೇ, ಮುಂದಿನ ಸಲ ಬರುವಾಗ ಹಣ ಬದಲಾಯಿಸುವ ಕಿಟಕಿಯಲ್ಲೇ ಹತ್ತು, ಇಪ್ಪತ್ತರ ನೋಟುಗಳನ್ನು ಕೇಳಿ ಪಡೆಯಿರಿ. ಆದರೆ ಅದನ್ನೇ ಪರಿಹಾರವೆಂದು ತಿಳಿದು ಸುಮ್ಮನಾಗಬೇಡಿ. ಇಂಥ ಅನುಭವವಾದರೆ ಬಸ್ಸಿನ ಸಂಖ್ಯೆ, ದಿನಾಂಕ, ವೇಳೆಯೊಂದಿಗೆ ಸಂಸ್ಥೆಗೆ ಪತ್ರ ಬರೆಯಿರಿ. ಕಂಡಕ್ಟರನ ಮೇಲೆ ಬರೆಯಬೇಡಿ.

ಹೊರಡುವ ಮುಂಚೆ ಅವಳು ಜಗಲಿಯ ಕಂಬ ಹಿಡಿದು ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಇಷ್ಟು ವರ್ಷ ಪಾಸ್‌ಪೋರ್ಟಲ್ಲಿ ಮಾತ್ರ ಹೊರಗಿನವಳಾಗಿದ್ದೆ ಮೇಷ್ಟ್ರೇ. ಆವತ್ತು ಬಸ್ಸಲ್ಲಿ ನಿಜವಾಗಲೂ ಹಾಗನ್ನಿಸಿತು." ನಾನು ಮೂವತ್ತು ವರ್ಷ ಪಾಠ ಹೇಳಿದವನು. ಆ ಮಾತಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಮಗಳ ಕೈಗೆ ಎರಡು ರಸಬಾಳೆ ಹಣ್ಣು ಕೊಟ್ಟು, ಬಸ್ ನಿಲ್ದಾಣದವರೆಗೆ ಜೊತೆಯಲ್ಲಿ ಹೋಗಿ, ಅವರಿಬ್ಬರ ಟಿಕೆಟ್ಟಿಗೆಂದು ಎಣಿಸಿಟ್ಟಿದ್ದ ಚಿಲ್ಲರೆಯನ್ನು ಅವಳ ಕೈಯಲ್ಲಿಟ್ಟು ಬಂದೆ.

ಮುಂದಿನ ಬರಹದಲ್ಲಿ ನಾಲೆಯ ಈಜು. ಈ ಸಲ ಖಂಡಿತ.

ನಿಮ್ಮ ಮೇಷ್ಟ್ರು,
ಹುಲ್ಲಹಳ್ಳಿ